ಅಪಾಯವನ್ನು ಮಾತಾಡಿಸಿದ ಬಗೆ

ಅಪಾಯ, ಉಪಾಯ ಎಂಬ ಎರಡು ಮಾತುಗಳನ್ನು ನಾವು ದಿನವೂ ಬಳಸುತ್ತೇವೆ. ಎರಡರ ಧಾತುವೂ ಒಂದೇ. ಹೋಗುವುದು ಎಂಬುದು ಅದರ ಅರ್ಥ. ಬೇರೆಯಾಗಿರುವುದು ಉಪಸರ್ಗ ಮಾತ್ರ. ದೂರಕ್ಕೆ ಹೋದದ್ದು, ಕೈಬಿಟ್ಟು ಹೋದದ್ದು ಅಪಾಯ. ಬಳಿಗೆ ಸಾರುವುದು ಉಪಾಯ. ವ್ಯಾಕರಣದ ಈ ಸಣ್ಣ ಸಂಗತಿಯಲ್ಲಿ ದೊಡ್ಡದೊಂದು ವ್ಯವಹಾರಜ್ಞಾನ ಅಡಗಿದೆಯೆಂದು ನನಗೆ ತೋರುತ್ತದೆ. ಅಪಾಯವನ್ನು ಕಂಡು ಮುಖ ತಿರುಗಿಸಿದಷ್ಟೂ ಅದು ಅಪಾಯವಾಗಿಯೇ ಉಳಿಯುತ್ತದೆ; ಅದರ ಬಳಿಗೆ ಹೋಗಿ, ಅದನ್ನು ಕುರಿತು ನಾಲ್ಕು ಜನ ಕುಳಿತು ಮಾತಾಡಿದರೆ ಉಪಾಯ ಹೊಳೆಯುತ್ತದೆ.

ಪಂಚತಂತ್ರದ ಮೂರು ಮೀನುಗಳ ಕಥೆಯನ್ನು ವಾಚಕರು ಬಾಲ್ಯದಲ್ಲಿ ಕೇಳಿಯೇ ಇರುತ್ತೀರಿ. ಬೆಸ್ತರು ನಾಳೆ ಬಲೆ ಬೀಸುವ ಮಾತಾಡಿಕೊಂಡದ್ದು ಅನಾಗತವಿಧಾತನೆಂಬ ಮೀನಿನ ಕಿವಿಗೆ ಬಿತ್ತು. ಅದು ತಾನೊಂದೇ ಸದ್ದಿಲ್ಲದೆ ಹೊರಟುಹೋಗಲಿಲ್ಲ. ಉಳಿದವನ್ನು ಕರೆದು ಹೇಳಿತು. ಯದ್ಭವಿಷ್ಯನೆಂಬ ಮೀನು, ಆದದ್ದಾಗಲಿ ಎಂದು ನಕ್ಕು, ಬಲೆಗೆ ಬಿತ್ತು. ಮುಂದಾಲೋಚನೆ ಬೇಕೆಂಬುದೇ ಈ ಕಥೆಯ ನೀತಿಯೆಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ. ಆದರೆ ಮುಂದಾಲೋಚನೆ ಆ ಕೊಳದಲ್ಲಿ ಇತ್ತಷ್ಟೆ? ಇಲ್ಲದೆಹೋದದ್ದು ಕೇಳುವ ಕಿವಿ.

ಈ ಕಾಲದ ದೊಡ್ಡ ಕಂಪೆನಿಗಳು 'ಎಂಟರ್‌ಪ್ರೈಸ್ ರಿಸ್ಕ್ ಮ್ಯಾನೇಜ್‌ಮೆಂಟ್' ಎಂಬ ಒಂದು ವಿದ್ಯೆಯನ್ನು ಬೆಳೆಸಿಕೊಂಡಿವೆ. ಸಮಗ್ರ ಅಪಾಯ ನಿರ್ವಹಣೆ ಎಂದು ನಾವು ಕನ್ನಡದಲ್ಲಿ ಕರೆಯಬಹುದು. ಬೆಂಕಿಯ ಭಯ ಒಂದು ಶಾಖೆಗೆ, ಹಣದ ಭಯ ಮತ್ತೊಂದಕ್ಕೆ, ಯಂತ್ರದ ಭಯ ಇನ್ನೊಂದಕ್ಕೆ ಎಂದು ಹಂಚಿಬಿಡದೆ, ಕಂಪೆನಿಗೆ ಬರಬಹುದಾದ ಕೇಡುಗಳನ್ನೆಲ್ಲ ಒಂದೇ ಪಟ್ಟಿಯಲ್ಲಿ ಬರೆದು, ತೂಗಿ, ಪ್ರತಿಯೊಂದಕ್ಕೂ ಒಬ್ಬ ಹೊಣೆಗಾರನನ್ನು ಗೊತ್ತುಮಾಡುವುದು ಇದರ ಕ್ರಮ. ಮೇಲುನೋಟಕ್ಕೆ ಇದು ಲೆಕ್ಕಪತ್ರದ ಕೆಲಸ. ಆದರೆ ಇದರ ಚರಿತ್ರೆಯನ್ನು ನೋಡಿದರೆ ಬೇರೊಂದು ಸಂಗತಿ ಕಾಣುತ್ತದೆ. ಆ ಪಟ್ಟಿಯ ಬೆಲೆಯೆಲ್ಲ ಅದು ಹುಟ್ಟಿಸುವ ಮಾತುಕತೆಯಲ್ಲಿದೆ. ಮಾತು ಹುಟ್ಟದಿದ್ದರೆ ಪಟ್ಟಿ ಬರಿಯ ಕಾಗದ.

ಚರಿತ್ರೆಯ ಮೊದಲ ಪುಟ ಒಂದು ಕಾಫಿ ಅಂಗಡಿಯಲ್ಲಿ ತೆರೆಯುತ್ತದೆ. ಹದಿನೇಳನೆಯ ಶತಮಾನದ ಕೊನೆಗೆ ಲಂಡನ್ ನಗರದಲ್ಲಿ ಎಡ್ವರ್ಡ್ ಲಾಯ್ಡ್ ಎಂಬಾತನ ಕಾಫಿ ಅಂಗಡಿ ಇತ್ತು. ಮೊದಲು ಟವರ್ ಬೀದಿಯಲ್ಲಿ, ೧೬೯೧ರಿಂದ ಲೊಂಬಾರ್ಡ್ ಬೀದಿಯಲ್ಲಿ. ಹಡಗಿನ ಒಡೆಯರು, ಕಪ್ತಾನರು, ವರ್ತಕರು ಅಲ್ಲಿಗೆ ಬಂದು ಕೂರುತ್ತಿದ್ದರು. ಯಾವ ಹಡಗು ಯಾವ ಬಂದರು ಬಿಟ್ಟಿತು, ಯಾವ ಸಮುದ್ರದಲ್ಲಿ ಬಿರುಗಾಳಿ, ಎಲ್ಲಿ ಕಡಲುಗಳ್ಳರು ಎಂಬ ಸುದ್ದಿ ಅಲ್ಲಿ ಕಾಫಿಯೊಡನೆ ಸಿಗುತ್ತಿತ್ತು. ಹಡಗೊಂದು ಹೊರಡುವಾಗ ಅದರ ವಿವರ ಬರೆದ ಕಾಗದ ಕೈಯಿಂದ ಕೈಗೆ ಹೋಗುತ್ತಿತ್ತು. ನಷ್ಟವಾದರೆ ಇಷ್ಟು ಪಾಲು ನನ್ನದು ಎಂದು ಒಪ್ಪಿದವರು ಅದರ ಕೆಳಗೆ ತಮ್ಮ ಹೆಸರು ಬರೆಯುತ್ತಿದ್ದರು. ಕೆಳಗೆ ಬರೆಯುವವರೆಂಬ ಅರ್ಥದ 'ಅಂಡರ್‌ರೈಟರ್' ಎಂಬ ಹೆಸರು ವಿಮೆಗಾರರಿಗೆ ಬಂದದ್ದು ಹೀಗೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ನಮ್ಮ ಗಾದೆಯನ್ನು ಅವರು ವ್ಯಾಪಾರವಾಗಿ ಮಾಡಿದರು ಎನ್ನಬಹುದು.

ಆ ಅಂಗಡಿಯಿಂದ ಬೆಳೆದ ಲಾಯ್ಡ್ಸ್ ಸಂಸ್ಥೆಯಲ್ಲಿ ಒಂದು ಗಂಟೆಯುಂಟು. ೧೭೯೯ರಲ್ಲಿ ಹಾಲೆಂಡಿನ ಕರಾವಳಿಯ ಬಳಿ ಮುಳುಗಿದ ಲೂಟೀನ್ ಎಂಬ ಹಡಗಿನದು ಅದು; ೧೮೫೮ರಲ್ಲಿ ಕಡಲಿನಿಂದ ಮೇಲೆತ್ತಿದರು. ತಡವಾದ ಹಡಗೊಂದರ ಸುದ್ದಿ ಬಂದಾಗ, ಕೆಟ್ಟ ಸುದ್ದಿಗೆ ಒಂದು ಸಲ, ಒಳ್ಳೆಯದಕ್ಕೆ ಎರಡು ಸಲ ಆ ಗಂಟೆ ಬಾರಿಸುವುದು ರೂಢಿಯಾಯಿತು. ಏಕೆ ಬಲ್ಲಿರಾ? ಹಾಲಿನಲ್ಲಿರುವ ಎಲ್ಲರಿಗೂ ಸುದ್ದಿ ಒಂದೇ ಕ್ಷಣದಲ್ಲಿ ತಿಳಿಯಬೇಕು. ಮೊದಲು ಕೇಳಿದವನು ಅದನ್ನು ಬಚ್ಚಿಟ್ಟುಕೊಂಡು ಲಾಭ ಮಾಡಿಕೊಳ್ಳಬಾರದು. ಇಂದು ಆ ಗಂಟೆ ವಿಶೇಷ ಸಂದರ್ಭಗಳಲ್ಲಿ ಮಾತ್ರ ಮೊಳಗುತ್ತದೆ. ಆದರೂ ಅದು ಹೇಳುವ ಪಾಠ ಹಳೆಯದಾಗಿಲ್ಲ.

ಕಾಫಿ ಅಂಗಡಿಯಲ್ಲಿ ಎಲ್ಲರೂ ಒಂದೇ ಮೇಜಿನ ಸುತ್ತ ಕುಳಿತಿದ್ದರು. ಕಂಪೆನಿಗಳು ಬೆಳೆದಂತೆ ಆ ಮೇಜು ಮುರಿಯಿತು. ಮಾಳಿಗೆಯ ಮೇಲೆ ಮಾಳಿಗೆ ಎದ್ದಿತು. ಕೆಲಸ ಬಲ್ಲವರು ಕೆಳಗೆ, ತೀರ್ಮಾನ ಮಾಡುವವರು ಮೇಲೆ. ನಡುವಣ ಮೆಟ್ಟಿಲುಗಳಲ್ಲಿ ಮಾತು ಬಿದ್ದುಹೋದರೆ ಏನಾಗುತ್ತದೆ ಎಂಬುದಕ್ಕೆ ಇಪ್ಪತ್ತನೆಯ ಶತಮಾನ ಘೋರವಾದ ನಿದರ್ಶನಗಳನ್ನು ಕೊಟ್ಟಿತು. ಅವುಗಳಲ್ಲಿ ಒಂದನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು.

೧೯೮೬ನೆಯ ಜನವರಿ ೨೮ರಂದು ಅಮೆರಿಕದ ಚಾಲೆಂಜರ್ ಎಂಬ ಅಂತರಿಕ್ಷ ನೌಕೆ ಫ್ಲಾರಿಡಾದಿಂದ ಮೇಲೇರಿತು. ಏಳು ಜನ ಅದರಲ್ಲಿದ್ದರು. ಅವರಲ್ಲೊಬ್ಬರು ಕ್ರಿಸ್ಟಾ ಮೆಕಾಲಿಫ್, ನ್ಯೂ ಹ್ಯಾಂಪ್‌ಷೈರ್ ಪ್ರಾಂತದ ಹೈಸ್ಕೂಲು ಉಪಾಧ್ಯಾಯಿನಿ. ಆಕಾಶದಿಂದ ಪಾಠ ಹೇಳುವೆನೆಂದು ಹೊರಟಿದ್ದ ಆಕೆಯನ್ನು ನೋಡಲು ಎಷ್ಟೋ ಶಾಲೆಗಳಲ್ಲಿ ಮಕ್ಕಳು ಟೆಲಿವಿಷನ್ನಿನ ಮುಂದೆ ಕುಳಿತಿದ್ದರು. ಹೊರಟ ೭೩ ಸೆಕೆಂಡುಗಳಲ್ಲಿ ನೌಕೆ ಒಡೆದು ಚೂರಾಯಿತು. ಏಳು ಜನರೂ ತೀರಿಕೊಂಡರು.

ಕಾರಣ ಒಂದು ರಬ್ಬರಿನ ಬಳೆ. ನೌಕೆಯನ್ನು ಮೇಲೆತ್ತುವ ರಾಕೆಟ್ಟಿನ ಭಾಗಗಳು ಕೂಡುವ ಸಂದಿಯನ್ನು ಬಿಗಿದಿಡುವುದು ಅದರ ಕೆಲಸ. ಚಳಿಗೆ ರಬ್ಬರು ಪೆಡಸಾಗಿ, ಬೆಂಕಿಯಂಥ ಅನಿಲ ಸಂದಿಯಿಂದ ಹೊರಬಿತ್ತು. ಇದು ಯಾರಿಗೂ ಗೊತ್ತಿಲ್ಲದ ದೋಷವಾಗಿತ್ತೇ? ಇಲ್ಲ. ರಾಕೆಟ್ಟು ತಯಾರಿಸಿದ ಮಾರ್ಟನ್ ಥಯೋಕಾಲ್ ಕಂಪೆನಿಯ ಎಂಜಿನಿಯರ್ ರೋಜರ್ ಬೋಜೊಲೆ ೧೯೮೫ರ ಜುಲೈ ೩೧ರಂದೇ, ಈ ಸಂದಿಯ ದೋಷವನ್ನು ಸರಿಪಡಿಸದಿದ್ದರೆ ಪ್ರಾಣಹಾನಿಯಾದೀತೆಂದು ತಮ್ಮ ಮೇಲಧಿಕಾರಿಗೆ ಬರೆದಿದ್ದರು.

ಹಾರಾಟದ ಹಿಂದಿನ ರಾತ್ರಿ ಕೊರೆಯುವ ಚಳಿ. ಯೂಟಾದಲ್ಲಿದ್ದ ಕಂಪೆನಿಯ ಎಂಜಿನಿಯರುಗಳೂ, ಆಲಬಾಮಾ ಮತ್ತು ಫ್ಲಾರಿಡಾದಲ್ಲಿದ್ದ ನಾಸಾ ಸಂಸ್ಥೆಯ ಅಧಿಕಾರಿಗಳೂ ಟೆಲಿಫೋನಿನಲ್ಲಿ ಸಭೆ ಸೇರಿದರು. ೫೩ ಡಿಗ್ರಿ ಫ್ಯಾರನ್‌ಹೀಟಿಗಿಂತ, ಅಂದರೆ ಸುಮಾರು ೧೨ ಡಿಗ್ರಿ ಸೆಂಟಿಗ್ರೇಡಿಗಿಂತ ಚಳಿಯಿದ್ದರೆ ಹಾರಿಸಬೇಡಿರೆಂದು ಎಂಜಿನಿಯರುಗಳು ಹೇಳಿದರು. ನಾಸಾದ ಅಧಿಕಾರಿಗಳಿಗೆ ಅದು ರುಚಿಸಲಿಲ್ಲ. ಕಂಪೆನಿಯವರು ಐದು ನಿಮಿಷ ಬಿಡುವು ಕೇಳಿ ಸುಮಾರು ಅರ್ಧ ಗಂಟೆ ತಮ್ಮೊಳಗೆ ಚರ್ಚಿಸಿದರು. ಬೋಜೊಲೆ ಮತ್ತು ಅವರ ಜೊತೆಗಾರರೊಬ್ಬರು ಎದ್ದುಹೋಗಿ ಚಿತ್ರಗಳನ್ನು ಮೇಜಿನ ಮೇಲಿಟ್ಟು ಮತ್ತೆ ಹೇಳಿನೋಡಿದರು. ಕೇಳುವವರಿಲ್ಲವೆಂದು ಕಂಡು ಹಿಂತಿರುಗಿದರು. ಕೊನೆಗೆ ಎಂಜಿನಿಯರುಗಳ ಮತವನ್ನು ಕೇಳದೆ, ನಾಲ್ವರು ಹಿರಿಯ ಅಧಿಕಾರಿಗಳಷ್ಟೇ ತೀರ್ಮಾನಿಸಿ, ಹಾರಿಸಬಹುದು ಎಂದರು. ಫ್ಲಾರಿಡಾದಲ್ಲಿದ್ದ ಕಂಪೆನಿಯ ಪ್ರತಿನಿಧಿ ಆಲನ್ ಮೆಕ್‌ಡೊನಾಲ್ಡ್ ಆ ಒಪ್ಪಿಗೆಪತ್ರಕ್ಕೆ ಸಹಿ ಹಾಕಲು ನಿರಾಕರಿಸಿದರು. ಸಹಿ ಬೇರೊಬ್ಬರಿಂದ ಬಂತು.

ಮುಂದೆ ವಿಚಾರಣೆಯಲ್ಲಿ ವಿಜ್ಞಾನಿ ರಿಚರ್ಡ್ ಫೈನ್‌ಮನ್ ಅದೇ ರಬ್ಬರಿನ ತುಂಡೊಂದನ್ನು ಹಿಮದ ನೀರಿನಲ್ಲಿ ಅದ್ದಿ, ಅದು ಬಾಗಿದ್ದು ಮತ್ತೆ ಒಡನೆ ಮೊದಲಿನಂತಾಗದುದನ್ನು ಎಲ್ಲರ ಎದುರಿಗೆ ತೋರಿಸಿದರು. ಅದನ್ನು ಲೋಕವೆಲ್ಲ ನೆನೆಯುತ್ತದೆ. ಆದರೆ ವಿಚಾರಣಾ ಆಯೋಗ ಕಂಡುಕೊಂಡ ಇನ್ನೊಂದು ಸಂಗತಿ ಇದಕ್ಕಿಂತಲೂ ಗಾಢವಾದದ್ದು: ಹಾರಾಟಕ್ಕೆ ಕೊನೆಯ ಅಪ್ಪಣೆ ಕೊಟ್ಟವರಿಗೆ ಹಿಂದಿನ ರಾತ್ರಿ ಬೇಡವೆಂಬ ಸಲಹೆ ಬಂದಿತ್ತೆಂಬುದೇ ತಿಳಿದಿರಲಿಲ್ಲ. ಬಲ್ಲವರು ಇದ್ದರು, ಅವರು ಬಾಯಿಬಿಟ್ಟು ಹೇಳಿಯೂ ಇದ್ದರು. ಮಾತು ಮೆಟ್ಟಿಲು ಹತ್ತಲಿಲ್ಲ, ಅಷ್ಟೆ. ೨೦೦೩ರ ಫೆಬ್ರವರಿ ೧ರಂದು ಕೊಲಂಬಿಯಾ ನೌಕೆಯೂ ಏಳು ಜನರೊಡನೆ ನಾಶವಾದಾಗ, ಎಂಜಿನಿಯರುಗಳ ಆತಂಕ ಮೇಲಿನವರನ್ನು ಮುಟ್ಟದಿದ್ದ ಅದೇ ಕಥೆ ಮತ್ತೆ ಹೊರಬಂತು. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತೇವೆ. ಕೆಲವೊಮ್ಮೆ ಒಂದು ಸಲ ಕೆಟ್ಟದ್ದು ಸಾಲದು.

ಬರೆದಿಟ್ಟರೆ ಸಾಕೇ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ೧೯೯೫ರಲ್ಲಿ ದೊರೆಯಿತು. ಲಂಡನ್ನಿನ ಬೇರಿಂಗ್ಸ್ ಎಂಬ ಬ್ಯಾಂಕು ೧೭೬೨ರಲ್ಲಿ ಸ್ಥಾಪನೆಯಾದದ್ದು. ಸಿಂಗಪುರದ ಅದರ ಕಚೇರಿಯಲ್ಲಿ ನಿಕ್ ಲೀಸನ್ ಎಂಬ ಯುವಕ ವ್ಯಾಪಾರವನ್ನೂ ಮಾಡುತ್ತಿದ್ದ, ಆ ವ್ಯಾಪಾರದ ಲೆಕ್ಕವನ್ನೂ ತಾನೇ ನೋಡಿಕೊಳ್ಳುತ್ತಿದ್ದ. ಬೇಲಿಯೂ ಅವನೇ, ಹೊಲವೂ ಅವನದೇ. ಈ ಎರಡು ಕೆಲಸ ಒಬ್ಬನ ಕೈಯಲ್ಲಿರುವುದು ಸರಿಯಲ್ಲವೆಂದು ಬ್ಯಾಂಕಿನ ಒಳಗಿನ ಲೆಕ್ಕಪರಿಶೋಧಕರು ೧೯೯೪ರಲ್ಲಿಯೇ ವರದಿ ಬರೆದರು. ವರದಿ ತಲುಪಬೇಕಾದವರಿಗೆ ತಲುಪಿತು. ಯಾರೂ ಕುಳಿತು ಅದನ್ನು ಇತ್ಯರ್ಥಮಾಡಲಿಲ್ಲ. ಗುಪ್ತ ಖಾತೆಯೊಂದರಲ್ಲಿ ಅವನು ಬಚ್ಚಿಟ್ಟ ನಷ್ಟ ಕೊನೆಗೆ ೮೨೭ ದಶಲಕ್ಷ ಪೌಂಡುಗಳಾಗಿ ಹೊರಬಂದಾಗ ಬ್ಯಾಂಕು ಕುಸಿಯಿತು. ಐ.ಎನ್.ಜಿ. ಎಂಬ ಡಚ್ ಸಂಸ್ಥೆ ಅದನ್ನು ಒಂದು ಪೌಂಡಿಗೆ ಕೊಂಡಿತು. ಇನ್ನೂರ ಮೂವತ್ತು ವರ್ಷಕ್ಕೂ ಮಿಕ್ಕ ಮನೆತನದ ಹೆಸರಿಗೆ ಬಂದ ಬೆಲೆ ಅದು.

ಮಾತು ಮೇಲಕ್ಕೆ ಏರದಿದ್ದುದನ್ನು ನೋಡಿದೆವು. ಬರೆದದ್ದು ಮಾತಾಗದಿದ್ದುದನ್ನೂ ನೋಡಿದೆವು. ಪಕ್ಕದ ಕೋಣೆಗೂ ಮಾತು ದಾಟದಿರುವುದುಂಟು. ೨೦೦೩ರ ಆಗಸ್ಟ್ ೧೪ರ ಮಧ್ಯಾಹ್ನ ಅಮೆರಿಕದ ಒಹಾಯೊ ಪ್ರಾಂತದಲ್ಲಿ ಫಸ್ಟ್‌ಎನರ್ಜಿ ಎಂಬ ವಿದ್ಯುತ್ ಕಂಪೆನಿಯ ಎಚ್ಚರಿಕೆಯ ಯಂತ್ರವ್ಯವಸ್ಥೆ ಸದ್ದಿಲ್ಲದೆ ಕೆಟ್ಟುಹೋಯಿತು. ಗಂಟೆ ಬಾರಿಸದಿದ್ದುದರಿಂದ ಎಲ್ಲವೂ ಕ್ಷೇಮವೆಂದು ನಿಯಂತ್ರಣ ಕೊಠಡಿಯವರು ತಿಳಿದರು. ಕಂಪ್ಯೂಟರ್ ಶಾಖೆಯವರಿಗೆ ತಮ್ಮ ಯಂತ್ರ ನಿಂತ ಸುದ್ದಿ ಬಂದಿತ್ತು. ಅವರು ಅದನ್ನು ಮತ್ತೆ ಚಾಲನೆಮಾಡಿದರು. ಆದರೆ ಎಚ್ಚರಿಕೆಯ ವ್ಯವಸ್ಥೆ ನಿಮ್ಮಲ್ಲಿ ಸರಿಯಾಗಿ ನಡೆಯುತ್ತಿದೆಯೇ ಎಂದು ಕೊಠಡಿಯವರನ್ನು ಕೇಳಲಿಲ್ಲ. ಅಷ್ಟರಲ್ಲಿ ಭಾರಕ್ಕೆ ಜೋತ ತಂತಿಗಳು ಬೆಳೆದ ಮರಗಳಿಗೆ ತಗುಲಿ ಒಂದರ ಮೇಲೊಂದು ಮಾರ್ಗ ಬಿದ್ದುಹೋಯಿತು. ಸಂಜೆ ನಾಲ್ಕು ಗಂಟೆ ದಾಟುತ್ತಿದ್ದಂತೆ ಅಮೆರಿಕದ ಎಂಟು ಪ್ರಾಂತಗಳಲ್ಲೂ ಕೆನಡಾದ ಒಂಟಾರಿಯೊದಲ್ಲೂ ಸುಮಾರು ಐದು ಕೋಟಿ ಜನ ಕತ್ತಲಾದರು. ಎರಡು ಶಾಖೆಗಳ ನಡುವೆ ಆಡದೆ ಉಳಿದ ಒಂದು ಪ್ರಶ್ನೆಗೆ ಎಷ್ಟು ದೊಡ್ಡ ದಂಡ!

ಇಂಥ ಅನುಭವಗಳ ನಡುವೆ ಸಮಗ್ರ ಅಪಾಯ ನಿರ್ವಹಣೆ ರೂಪುಗೊಂಡಿತು. ಅಮೆರಿಕದಲ್ಲಿ ೧೯೮೫ರಲ್ಲಿ ಹುಟ್ಟಿದ ಕೋಸೊ ಎಂಬ ಸಮಿತಿ ೨೦೦೪ರಲ್ಲಿ ಇದಕ್ಕೊಂದು ಚೌಕಟ್ಟು ಹಾಕಿಕೊಟ್ಟಿತು. ೨೦೧೭ರಲ್ಲಿ ಅದನ್ನು ಪರಿಷ್ಕರಿಸಿತು. ೨೦೦೯ರಲ್ಲಿ ಅಂತರರಾಷ್ಟ್ರೀಯ ಮಾನಕವೂ ಬಂತು. ಚೌಕಟ್ಟುಗಳ ವಿವರ ಇಲ್ಲಿ ಬೇಡ. ಚೌಕಟ್ಟಿನೊಳಗೆ ಮಾತನ್ನು ತಂದು ಕೂರಿಸಿದ ಒಂದು ಕಂಪೆನಿಯ ಕ್ರಮವನ್ನು ನೋಡೋಣ.

ಕೆನಡಾದ ಒಂಟಾರಿಯೊ ಹೈಡ್ರೊ ಎಂಬ ದೊಡ್ಡ ವಿದ್ಯುತ್ ಸಂಸ್ಥೆ ೧೯೯೯ರಲ್ಲಿ ಒಡೆದು ಹಲವಾಯಿತು. ವಿದ್ಯುತ್ತನ್ನು ಸಾಗಿಸಿ ಹಂಚುವ ಭಾಗಕ್ಕೆ ಮುಂದೆ ಹೈಡ್ರೊ ಒನ್ ಎಂದು ಹೆಸರಾಯಿತು. ಆ ವರ್ಷವೇ ಅಲ್ಲಿ ಜಾನ್ ಫ್ರೇಸರ್ ಎಂಬವರ ಮುಂದಾಳುತನದಲ್ಲಿ ಅಪಾಯ ನಿರ್ವಹಣೆಯ ಹೊಸ ಪ್ರಯೋಗ ಆರಂಭವಾಯಿತು. ಅಪಾಯಗಳನ್ನೆಲ್ಲ ತಾನೇ ಕಂಡುಹಿಡಿದು ಹೇಳುವ ಸರ್ವಜ್ಞನ ಪಾತ್ರವನ್ನು ಅವರ ಶಾಖೆ ವಹಿಸಲಿಲ್ಲ. ಜನರನ್ನು ಕೂಡಿಸಿ ಮಾತಾಡಿಸುವುದನ್ನೇ ತನ್ನ ಕೆಲಸವಾಗಿ ಮಾಡಿಕೊಂಡಿತು. ವರ್ಷವೂ ಹತ್ತಾರು ಕೂಟಗಳು. ಪ್ರತಿಯೊಂದು ಕೂಟದಲ್ಲಿಯೂ ಬೇರೆ ಬೇರೆ ದರ್ಜೆಯವರು, ಬೇರೆ ಬೇರೆ ಶಾಖೆಯವರು. ಕೈಗೊಂಡ ಗುರಿಗೆ ಅಡ್ಡಬರಬಹುದಾದ ಅಪಾಯಗಳನ್ನು ಪಟ್ಟಿಮಾಡಿ, ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಬೇಕು: ಬಂದರೆ ಎಷ್ಟು ಕೇಡು, ಬರುವ ಸಂಭವವೆಷ್ಟು, ಈಗಿರುವ ರಕ್ಷಣೆ ಎಷ್ಟು ಗಟ್ಟಿ ಎಂದು.

ಇಲ್ಲಿಯೇ ಅವರ ಜಾಣತನ. ಅಂಕ ಕೊಡುವುದು ಯಾರ ಅಂಕ ಯಾವುದೆಂದು ತಿಳಿಯದ ಯಂತ್ರಸಾಧನದಲ್ಲಿ. ಹೆಸರಿಲ್ಲದ ಮತದ ಹಿಂದೆಯೂ ಒಂದು ಚರಿತ್ರೆಯುಂಟು. ೧೯೫೦ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ರ‍್ಯಾಂಡ್ ಸಂಸ್ಥೆಯ ಓಲಾಫ್ ಹೆಲ್ಮರ್, ನಾರ್ಮನ್ ಡಾಲ್ಕಿ ಮೊದಲಾದವರು ಡೆಲ್ಫಿ ಎಂಬ ವಿಧಾನವನ್ನು ರೂಪಿಸಿದರು. ತಜ್ಞರನ್ನು ಎದುರುಬದುರು ಕೂರಿಸಿದರೆ ದೊಡ್ಡ ದನಿಯವನ ಅಭಿಪ್ರಾಯವೇ ಎಲ್ಲರದಾಗಿಬಿಡುತ್ತದೆ. ಆದ್ದರಿಂದ ಹೆಸರು ಮರೆಮಾಡಿ ಅಭಿಪ್ರಾಯ ಪಡೆದು, ಎಲ್ಲರಿಗೂ ತೋರಿಸಿ, ಮತ್ತೆ ಕೇಳುವುದು ಅದರ ತಿರುಳು.

ಒಂದು ಉದಾಹರಣೆ ಊಹಿಸಿಕೊಳ್ಳಿ. ತಂತಿಯ ಮೇಲೆ ಮರ ಬೀಳುವ ಅಪಾಯಕ್ಕೆ ಕೂಟದ ಹೆಚ್ಚಿನವರು ಎರಡು ಅಂಕ ಕೊಟ್ಟಿದ್ದಾರೆ. ಯಾರೋ ಒಬ್ಬರು ಐದು ಕೊಟ್ಟಿದ್ದಾರೆ. ಸರಾಸರಿ ತೆಗೆದು ಮುಂದೆ ಹೋಗುವವನು ಗಣಿತ ಬಲ್ಲವನು ಮಾತ್ರ. ಕೂಟ ನಡೆಸುವವನು ಅಲ್ಲಿಯೇ ನಿಂತು ಕೇಳಬೇಕು: ಐದು ಕೊಡಲು ಏನು ಕಾರಣವಿದ್ದೀತು? ಆಗ ಲೈನ್‌ಮನ್ ಒಬ್ಬ ಮೆಲ್ಲನೆ, ಎರಡು ವರ್ಷದಿಂದ ಆ ಮಾರ್ಗದಲ್ಲಿ ಕೊಂಬೆ ಕಡಿದಿಲ್ಲ ಎಂದಾನು. ಕಡಿಯುವ ಹಣವನ್ನು ಕಳೆದ ಬಜೆಟ್ಟಿನಲ್ಲಿ ತೆಗೆದುಹಾಕಿದ್ದು ನಾವೇ ಎಂದು ಲೆಕ್ಕಪತ್ರದವರು ನೆನಪುಮಾಡಿಕೊಂಡಾರು. ಎರಡಕ್ಕೂ ಐದಕ್ಕೂ ನಡುವಿನ ಆ ಅಂತರದಲ್ಲಿಯೇ ಮಾತು ಹುಟ್ಟುತ್ತದೆ. ಹೀಗೆ ಚರ್ಚೆಯಾಗಿ ಒಮ್ಮತಕ್ಕೆ ಬಂದದ್ದನ್ನು ಹೈಡ್ರೊ ಒನ್ನಿನವರು ನಕ್ಷೆಯ ಮೇಲೆ ಗುರುತಿಸಿ, ಮುಖ್ಯವಾದ ಪ್ರತಿಯೊಂದು ಅಪಾಯಕ್ಕೂ ಮಾಡಬೇಕಾದ ಕೆಲಸವನ್ನೂ ಹೊಣೆಗಾರನನ್ನೂ ಗೊತ್ತುಮಾಡುತ್ತಿದ್ದರು. ಹಣ ಹಂಚುವಾಗಲೂ ಇದೇ ಲೆಕ್ಕವನ್ನು ಮುಂದಿಟ್ಟುಕೊಳ್ಳುತ್ತಿದ್ದರು. ಹೇಳಿದ ಮಾತು ಹಣದ ತೀರ್ಮಾನವನ್ನು ಮುಟ್ಟುವುದೆಂದು ಕಂಡರೆ, ಮುಂದಿನ ಸಲ ಹೇಳುವವನ ದನಿ ತಾನಾಗಿ ಗಟ್ಟಿಯಾಗುತ್ತದೆ.

ಆದರೆ ಈ ವಿದ್ಯೆಯೂ ದುರುಪಯೋಗವಾಗದೆ ಇಲ್ಲ. ಪಟ್ಟಿಗೆ ಕೆಂಪು, ಹಳದಿ, ಹಸುರು ಬಣ್ಣ ಬಳಿದು, ವರ್ಷಕ್ಕೊಮ್ಮೆ ಸಹಿ ಹಾಕಿ, ಬೀರುವಿನಲ್ಲಿಟ್ಟು ಬೀಗ ಹಾಕುವವರೂ ಉಂಟು. ಹೆಸರಿಲ್ಲದ ಮತಕ್ಕೂ ಮಿತಿಯಿದೆ: ಮೊದಲ ಮಾತಿಗೆ ಅದು ಮರೆಯಾಗಿ ನಿಲ್ಲಬಲ್ಲದು, ಕೊನೆಯ ತನಕ ಮರೆಯೇ ಬೇಕಾಗಿದ್ದರೆ ಆ ಕಂಪೆನಿಯಲ್ಲಿ ಭಯ ಇನ್ನೂ ಹೋಗಿಲ್ಲವೆಂದೇ ಅರ್ಥ. ಕೆಟ್ಟ ಸುದ್ದಿ ತಂದವನ ಮುಖವನ್ನೇ ಕೆಟ್ಟದೆಂದು ನೋಡುವ ಯಜಮಾನನಿಗೆ ಯಾವ ಪಟ್ಟಿಯೂ ನೆರವಾಗಲಾರದು. ರಾವಣನ ಆಸ್ಥಾನದಲ್ಲಿ ವಿಭೀಷಣ ಹೇಳದೆ ಇದ್ದನೇ?

ನಮ್ಮ ದೇಶದಲ್ಲಿಯೂ ಕಾನೂನು ಈ ದಾರಿ ಹಿಡಿದಿದೆ. ೨೦೧೩ರ ಕಂಪೆನಿಗಳ ಕಾಯಿದೆಯ ಪ್ರಕಾರ ನಿರ್ದೇಶಕರು ತಮ್ಮ ವರದಿಯಲ್ಲಿ ಕಂಪೆನಿಯ ಅಪಾಯ ನಿರ್ವಹಣೆಯ ನೀತಿಯನ್ನೂ, ಕಂಪೆನಿಯ ಇರವಿಗೇ ಧಕ್ಕೆ ತರಬಹುದಾದ ಅಪಾಯಗಳನ್ನೂ ಹೇಳಬೇಕು. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪೆನಿಗಳಲ್ಲಿ, ಅಕ್ರಮವನ್ನು ಕಂಡ ನೌಕರ ಕಿರುಕುಳದ ಅಂಜಿಕೆಯಿಲ್ಲದೆ ತಿಳಿಸುವ ಏರ್ಪಾಡೂ ಇರಬೇಕು. ಅಪಾಯ ನಿರ್ವಹಣೆಯ ಪ್ರತ್ಯೇಕ ಸಮಿತಿಯಿರಬೇಕೆಂಬ ಸೆಬಿಯ ನಿಯಮ ೨೦೨೧ರಲ್ಲಿ ಅತಿ ದೊಡ್ಡ ೧೦೦೦ ನೋಂದಾಯಿತ ಕಂಪೆನಿಗಳವರೆಗೆ ವಿಸ್ತರಿಸಿತು. ಬೆಂಗಳೂರಿನ ಎಷ್ಟೋ ಕಂಪೆನಿಗಳು ಇದರೊಳಗೆ ಬರುತ್ತವೆ. ಕಾನೂನು ಸಮಿತಿಯನ್ನು ರಚಿಸಬಲ್ಲದು. ಸಮಿತಿಯ ಕೋಣೆಯಲ್ಲಿ ಕಿರಿಯನೊಬ್ಬ ಬಾಯಿಬಿಡುವಂತೆ ಮಾಡುವುದು ಅಲ್ಲಿ ಕುಳಿತ ಹಿರಿಯರ ಕೆಲಸ.

ವಾಚಕರೆ, ಬಾನುಲಿ ಒಂದು ಕಡೆಯಿಂದ ಮಾತಾಡುತ್ತದೆ. ನೀವು ಮನೆಯಲ್ಲಿ ಕೇಳುತ್ತೀರಿ. ನಿಮ್ಮ ಉತ್ತರ ನಮ್ಮ ಕಡೆಗೆ ಬರಬೇಕಾದರೆ ಕಾಗದವೇ ಬರಬೇಕು. ಬಾನುಲಿಗೆ ಅದು ನಡೆದೀತು, ಕಂಪೆನಿಗೆ ನಡೆಯದು. ನಿಮ್ಮಲ್ಲಿ ಅನೇಕರ ಮಗನೋ ಮಗಳೋ ಸೊಸೆಯೋ ಅಳಿಯನೋ ಇಂದು ಒಂದು ಕಂಪೆನಿಯಲ್ಲಿ ದುಡಿಯುತ್ತಿರಬಹುದು. ಸಂಬಳವೆಷ್ಟು, ಬಡ್ತಿ ಎಂದಿಗೆ ಎಂದು ಅವರನ್ನು ಕೇಳುವುದು ಸಹಜ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ ನೋಡಿ: ಕೆಲಸದಲ್ಲಿ ಏನೋ ಸರಿಯಿಲ್ಲವೆಂದು ನಿನಗೆ ಕಂಡರೆ ಅದನ್ನು ಯಾರಿಗೆ ಹೇಳುತ್ತೀಯೆ? ಅವರು ಕೇಳುತ್ತಾರೆಯೇ? ಅವರೇ ಹತ್ತು ಜನಕ್ಕೆ ಮೇಲಧಿಕಾರಿಯಾಗಿದ್ದರೆ ಪ್ರಶ್ನೆಯನ್ನು ತಿರುಗಿಸಿ: ನಿನ್ನ ಕೈಕೆಳಗಿನವರು ಈ ವರ್ಷ ನಿನಗೆ ಹೇಳಿದ ಕೆಟ್ಟ ಸುದ್ದಿ ಯಾವುದು?

ಒಂದೂ ಇಲ್ಲ ಎಂದು ಉತ್ತರ ಬಂದರೆ ಸಂತೋಷಪಡುವ ಮೊದಲು ಸ್ವಲ್ಪ ಯೋಚಿಸಬೇಕು. ಒಹಾಯೊದ ಆ ನಿಯಂತ್ರಣ ಕೊಠಡಿಯಲ್ಲಿಯೂ ಅಂದು ಮಧ್ಯಾಹ್ನ ಗಂಟೆ ಬಾರಿಸಿರಲಿಲ್ಲ.